ಒಡವೆಗೆ ಒದಗುವ ತಂತಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಪತ್ತಾರರ ಕೆಲಸವನ್ನು ನಿಂತು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಒಂದಕ್ಕಿಂತ ಒಂದು ಕಿರಿದಾದ ತೂತುಗಳುಳ್ಳ ಉಕ್ಕಿನ ಅಚ್ಚಿನಲ್ಲಿ ಅವರು ತಂತಿಯನ್ನು ಎಳೆಯುತ್ತಾರೆ. ಕೆಲವು ಸಲ ಎಳೆದ ಮೇಲೆ ಅದನ್ನು ಬೆಂಕಿಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಎಳೆಯುತ್ತಾರೆ. ನಡುವೆ ಕಾಯಿಸುವುದೇತಕ್ಕೆ? ಮನೆಯಲ್ಲಿಯೇ ಸರ, ಲೋಲಾಕು, ಬಳೆಗಳನ್ನು ಮಾಡಬಯಸುವವರು ಮೊದಲು ತಿಳಿಯಬೇಕಾದುದು ಇದನ್ನೇ.

ಲೋಹವೆಂಬುದು ಅಸಂಖ್ಯ ಸಣ್ಣ ಸ್ಫಟಿಕಗಳ ಕೂಟ. ಸ್ಫಟಿಕದಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿದ್ದರೂ ಅಲ್ಲಲ್ಲಿ ಸಾಲು ತಪ್ಪಿರುತ್ತದೆ. ಈ ಸಾಲುತಪ್ಪುಗಳು ಜರುಗುವುದರಿಂದಲೇ ಲೋಹವು ಮುರಿಯದೆ ಬಾಗುತ್ತದೆಯೆಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಪ್ರತಿಪಾದಿಸಿದರು. ಬಾಗಿಸಿದಷ್ಟೂ ಹೊಸ ಸಾಲುತಪ್ಪುಗಳು ಹುಟ್ಟಿ, ಒಂದಕ್ಕೊಂದು ತೊಡಕಿಕೊಂಡು, ಜರುಗಲಾರದೆ ನಿಲ್ಲುತ್ತವೆ. ಆಗ ತಂತಿ ಗಡುಸಾಗುತ್ತದೆ. ಇನ್ನೂ ಬಾಗಿಸಿದರೆ ಮುರಿಯುತ್ತದೆ. ಸಾಕಷ್ಟು ಕಾಯಿಸಿದರೆ ತೊಡಕಿಲ್ಲದ ಹೊಸ ಸ್ಫಟಿಕಗಳು ಮೂಡಿ ತಂತಿಯು ಮೆತ್ತಗಾಗುತ್ತದೆ.

ಆದುದರಿಂದ ಮಣಿಯ ಸುತ್ತ ಸುತ್ತಲು, ಹೆಣೆಯಲು ಮೆತ್ತನೆಯ ತಂತಿಯನ್ನು ಆರಿಸಬೇಕು. ಆಕಾರ ಕೆಡಬಾರದ ಕೊಂಡಿಯನ್ನು ಬಾಗಿಸಿದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗಡುಸು ಮಾಡಿಕೊಳ್ಳಬಹುದು.

ಇನ್ನು ದಪ್ಪದ ವಿಚಾರ. ಬ್ರಿಟನ್ನಿನಲ್ಲಿ 1884ರಲ್ಲಿ ಜಾರಿಗೆ ಬಂದ ಗೇಜು ಪದ್ಧತಿಯಲ್ಲಿ ಅಂಕಿ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ. 18ನೆಯ ಗೇಜಿನ ವ್ಯಾಸ ಸುಮಾರು 1.22 ಮಿಲಿಮೀಟರ್, 21ನೆಯದು 0.81, 26ನೆಯದು 0.46. ಬಾಗುವಿಕೆಗೆ ಒಡ್ಡುವ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಇಮ್ಮಡಿಯಾದರೆ ಬಿಗುವು 16 ಮಡಿ! ಒಂದೇ ಲೋಹದ 18ನೆಯ ಗೇಜಿನ ತಂತಿಯು 26ನೆಯದಕ್ಕಿಂತ ಸುಮಾರು 50 ಮಡಿ ಬಿಗುವಾದುದು. ಬಳೆಯ ಚೌಕಟ್ಟಿಗೆ ಮೊದಲನೆಯದು, ಸುತ್ತುವಿಕೆಗೆ ಎರಡನೆಯದು, ಕಿವಿಯ ಕೊಂಡಿಗೆ 21ರ ಆಸುಪಾಸಿನದು ಹೊಂದುತ್ತದೆ.

ಕಲಿಯುವವರಿಗೆ ತಾಮ್ರವೇ ಅಗ್ಗ. ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಆದರೆ ಆ ತಂತಿಗೆ ವಿದ್ಯುನ್ನಿರೋಧಕ ಲೇಪವಾಗಲಿ ಪಿ.ವಿ.ಸಿ. ಹೊದಿಕೆಯಾಗಲಿ ಇರುತ್ತದೆ. ಅದನ್ನು ಸುಟ್ಟು ತೆಗೆಯಲೇಬಾರದು, ಪಿ.ವಿ.ಸಿ. ಉರಿದಾಗ ಶ್ವಾಸಕೋಶವನ್ನು ಸುಡುವ ಹೈಡ್ರೊಜನ್ ಕ್ಲೋರೈಡ್ ಹೊರಡುತ್ತದೆ. ಲೇಪವಿಲ್ಲದ ತಂತಿಯನ್ನೇ ಕೇಳಿ ಕೊಳ್ಳುವುದು ಲೇಸು. ಕಾಯಿಸಿದ ತಾಮ್ರದ ಮೇಲೆ ಕಪ್ಪು ಆಕ್ಸೈಡು ಕಟ್ಟುತ್ತದೆ. ಅದನ್ನು ಕಳೆಯಲು ಇಂಡಿಯ ಹೆಸರಾಂತ ನಿಂಬೆಯ ರಸವೇ ಸಾಕು; ಅದರಲ್ಲಿರುವ ಸಿಟ್ರಿಕ್ ಆಮ್ಲವು ಆಕ್ಸೈಡನ್ನು ಕರಗಿಸುತ್ತದೆ.

ಬೆಳ್ಳಿಯಂತೆ ಹೊಳೆಯುವ 'ಜರ್ಮನ್ ಸಿಲ್ವರ್' ತಂತಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ತಾಂಡಾಗಳ ಲಂಬಾಣಿ ಒಡವೆಗಳಲ್ಲಿಯೂ ಬೆಳ್ಳಿಯ ಬದಲಾಗಿ ಇದು ಬಳಕೆಯಲ್ಲಿದೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಇದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು. ಬೆವರಿನಲ್ಲಿ ನಿಕಲ್ ಅಲ್ಪಸ್ವಲ್ಪ ಕರಗಿ ಚರ್ಮವನ್ನು ಸೇರುತ್ತದೆ. ಕೆಲವರಿಗೆ ಇದರಿಂದ ತುರಿಕೆ, ಗುಳ್ಳೆಗಳು ಏಳುತ್ತವೆ; ಒಮ್ಮೆ ಅಂಟಿಕೊಂಡ ಈ ಅಸಹನೆಯು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಆದುದರಿಂದಲೇ ಐರೋಪ್ಯ ಒಕ್ಕೂಟವು 1994ರಲ್ಲಿ ಮೈಗೆ ತಾಗುವ ವಸ್ತುಗಳ ನಿಕಲ್‌ಗೆ ಮಿತಿ ವಿಧಿಸಿತು. ಲೋಲಾಕಿನ ಕೆಳಭಾಗ ಯಾವ ಲೋಹದ್ದಾದರೂ ಆಗಲಿ, ಕಿವಿಯ ತೂತಿನಲ್ಲಿ ಹೋಗುವ ಕೊಂಡಿಯು 1000ಕ್ಕೆ 925 ಭಾಗ ಬೆಳ್ಳಿಯುಳ್ಳ ತಂತಿಯದಾಗಿರಲಿ. ಅಂಥ ಕೊಂಡಿಗೆ ಬೇಕಾದುದು ಬೆರಳುದ್ದದ ತಂತಿ ಮಾತ್ರ.

ಕೊಂಡುತಂದ ಬರಿಯ ತಾಮ್ರದ ತಂತಿಯಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಮುರಿಯುವವರೆಗೆ ಹಿಂದೆ ಮುಂದೆ ಬಾಗಿಸಿ ಎಣಿಸಿರಿ. ಇನ್ನೊಂದನ್ನು ಅದರ ಅರ್ಧದಷ್ಟು ಬಾಗಿಸಿ, ಹಿರಿಯರೊಬ್ಬರ ಸಮ್ಮುಖದಲ್ಲಿ ಇಕ್ಕಳದಿಂದ ಹಿಡಿದು ಮಂದವಾಗಿ ಕೆಂಪಾಗುವಂತೆ ಕಾಯಿಸಿ ನೀರಿನಲ್ಲಿ ಅದ್ದಿರಿ. ಉಕ್ಕಿನಂತೆ ತಾಮ್ರವು ಇದರಿಂದ ಗಡುಸಾಗದು. ಮತ್ತೆ ಬಾಗಿಸುತ್ತ ಎಣಿಸಿ, ಎರಡು ಲೆಕ್ಕಗಳನ್ನು ಹೋಲಿಸಿ ನೋಡಿರಿ.