ಬಂಡೆಯ ವಯಸ್ಸನ್ನು ಬರೆದಿಟ್ಟವರು ಯಾರು? – ಲಾಲ್‌ಬಾಗಿನಲ್ಲಿ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಬೆಂಗಳೂರಿನ ಲಾಲ್‌ಬಾಗಿಗೆ ಕ್ಷೇತ್ರಭೇಟಿಗಾಗಿ ಕರೆದೊಯ್ಯುವ ಅವಕಾಶ ನನಗೆ ದೊರೆಯಿತು. ನನ್ನ ಪಾಠಯೋಜನೆ ಅಚ್ಚುಕಟ್ಟಾಗಿಯೇ ಇತ್ತು. ಅದರಲ್ಲಿದ್ದ ಕೊರತೆಯನ್ನು ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ.

ನಾನು ಇತಿಹಾಸದಿಂದ ಆರಂಭಿಸಿದೆ. 1760ರಲ್ಲಿ ಹೈದರಾಲಿ ಈ ತೋಟವನ್ನು ಹಾಕಿಸಿದನು. ಟಿಪ್ಪು ಸುಲ್ತಾನನು ಹೊರನಾಡುಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ನಡೆಯುವುದು ಇಲ್ಲಿಯೇ. ನಮ್ಮ ಅಡುಗೆಮನೆಯ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವರೂ ಕ್ಯಾಮೆರಾನ್ ಅವರೇ ಎಂದಾಗ ಮಕ್ಕಳು ನಕ್ಕರು. 1908ರಲ್ಲಿ ಹೊಣೆ ವಹಿಸಿಕೊಂಡ ಜರ್ಮನಿಯ ಕ್ರುಂಬಿಗಲ್, ಅವರ ನಂತರದ ಜವರಾಯ, ಮರಿಗೌಡ ಇವರ ಹೆಸರುಗಳನ್ನೂ ಹೇಳಿದೆ. ಹಲಗೆಯಂತೆ ಬೇರು ಚಾಚಿದ ಬಿಳಿ ಬೂರುಗದ ಮರವನ್ನೂ ಕೆರೆಯನ್ನೂ ನೋಡಿದೆವು. ಮಕ್ಕಳು ಇಸವಿಗಳನ್ನು ಬರೆದುಕೊಂಡರು.

ಕೊನೆಗೆ ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಇದು ಪೆನಿನ್ಸುಲರ್ ನೈಸ್ ಎಂಬ ಶಿಲೆ. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. "ಇದರ ವಯಸ್ಸು ಸುಮಾರು 300 ಕೋಟಿ ವರ್ಷ" ಎಂದೆ. ಆಗ ಆ ಹುಡುಗಿ ಕೇಳಿದಳು: "ಮಿಸ್, ತೋಟ ಮಾಡಿದ ವರ್ಷವನ್ನು ಯಾರೋ ಬರೆದಿಟ್ಟಿರುತ್ತಾರೆ. ಬಂಡೆಯ ವಯಸ್ಸನ್ನು ಬರೆದಿಟ್ಟವರು ಯಾರು?"

"ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ" ಎಂದು ಹೇಳಿ ಮುಂದೆ ಸಾಗಿದೆ. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು. ಬಿ.ಎಸ್‌ಸಿ.ಯಲ್ಲಿ ವಿಕಿರಣಶೀಲತೆಯನ್ನು ಓದಿ ಅಂಕ ಪಡೆದಿದ್ದೆ. ಆದರೆ ಆ ಪಾಠವನ್ನು ಕಾಲಡಿಯ ಬಂಡೆಗೆ ಜೋಡಿಸಿ ನೋಡಿರಲಿಲ್ಲ.

ಮರುದಿನ ತರಗತಿಯಲ್ಲಿ ಹೀಗೆ ವಿವರಿಸಿದೆ. ಇಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಸ್ವಲ್ಪ ಯುರೇನಿಯಂ ಅದರೊಳಗೆ ಸೇರುತ್ತದೆ, ಸೀಸ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಕಾಲ ಕಳೆದಂತೆ ಯುರೇನಿಯಂ ಹಂತಹಂತವಾಗಿ ಸೀಸವಾಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಈಗ ಹರಳಿನಲ್ಲಿ ಉಳಿದಿರುವ ಯುರೇನಿಯಂ ಎಷ್ಟು, ಸೀಸ ಎಷ್ಟು ಎಂದು ಅಳೆದರೆ ಅದರ ವಯಸ್ಸು ಸಿಗುತ್ತದೆ. ಊದುಬತ್ತಿಯೊಂದನ್ನು ಹಚ್ಚಿ, ಉಳಿದ ಕಡ್ಡಿಯನ್ನೂ ಬಿದ್ದ ಬೂದಿಯನ್ನೂ ನೋಡಿ ಅದನ್ನು ಎಷ್ಟು ಹೊತ್ತಿನ ಹಿಂದೆ ಹಚ್ಚಿದ್ದೆಂದು ಹೇಳುವಂತೆ ಕೇಳಿದೆ. ಊದುಬತ್ತಿ ಒಂದೇ ವೇಗದಲ್ಲಿ ಉರಿಯುತ್ತದೆ, ಯುರೇನಿಯಂ ಮಾತ್ರ ಪ್ರತಿ ಸಲ ಉಳಿದುದರಲ್ಲಿ ಅರ್ಧದಷ್ಟಾಗುತ್ತದೆ ಎಂದು ಹೋಲಿಕೆಯ ಮಿತಿಯನ್ನೂ ತಿಳಿಸಿದೆ.

ನಂತರ ಒಂದು ಲೆಕ್ಕ ಕೊಟ್ಟೆ. ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ದಾರ ಎಂದುಕೊಂಡರೆ, ಬಂಡೆಗೆ ಎಷ್ಟು ಉದ್ದದ ದಾರ ಬೇಕು? ಮಕ್ಕಳು ಗುಣಿಸಿ ಮೂರು ಕಿಲೋಮೀಟರ್ ಎಂದರು. ಹೈದರಾಲಿಯಿಂದ ಇಂದಿನವರೆಗಿನ ತೋಟದ ಇಡೀ ಇತಿಹಾಸಕ್ಕೆ ಬೇಕಾದದ್ದು ಸುಮಾರು ಕಾಲು ಮಿಲಿಮೀಟರ್. ತರಗತಿ ಒಂದು ಕ್ಷಣ ಸುಮ್ಮನಾಯಿತು. ಪ್ರಶ್ನೆ ಕೇಳಿದ ಹುಡುಗಿ ಮಾತ್ರ, "ಹಾಗಾದರೆ ಬಂಡೆಯೇ ಬರೆದಿಟ್ಟುಕೊಂಡಿದೆ, ಮಿಸ್" ಎಂದಳು.

ಮತ್ತೊಮ್ಮೆ ಹೋದರೆ ನಾನು ಬಂಡೆಯಿಂದಲೇ ಆರಂಭಿಸುತ್ತೇನೆ. ಅಲ್ಲಿಂದ ಹೈದರಾಲಿಯ ತೋಟಕ್ಕೆ, ಗಾಜಿನ ಮನೆಗೆ ಇಳಿದು ಬಂದರೆ ಕಾಲದ ಕ್ರಮ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಪ್ರತಿ ನಿಲುಗಡೆಯಲ್ಲಿಯೂ "ಇದು ನಮಗೆ ಹೇಗೆ ಗೊತ್ತು?" ಎಂದು ನಾನೇ ಕೇಳುತ್ತೇನೆ. ಗಾಜಿನ ಮನೆಗೆ ದಾಖಲೆ ಸಾಕ್ಷಿ, ಬಂಡೆಗೆ ಹರಳು ಸಾಕ್ಷಿ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಸಂದಣಿ ಹೆಚ್ಚಿರುವುದರಿಂದ ಇಂಥ ಪಾಠಕ್ಕೆ ಬೇರೆ ದಿನವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಪಾಠಯೋಜನೆಯಲ್ಲಿ ಒಂದು ಸಂಖ್ಯೆಯನ್ನು ಬರೆಯುವಾಗ, ಅದು ಎಲ್ಲಿಂದ ಬಂತೆಂದು ವಿವರಿಸಲು ನಮಗೆ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳೋಣ.