ಫೋನಿನ ಬಣ್ಣ, ಗಂಗಾವತಿಯ ಬಿಸಿಲು

ದೂರವಾಣಿಗೆ ಬಹುಕಾಲ ಒಂದೇ ಬಣ್ಣವಿತ್ತು, ಕಪ್ಪು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ದೂರವಾಣಿ ಕಾರ್ಖಾನೆಯ ಕಾಲದ ಡಯಲ್ ಫೋನುಗಳು ಕಪ್ಪಗಿದ್ದದ್ದಕ್ಕೆ ಯಾರ ಅಭಿರುಚಿಯೂ ಕಾರಣವಲ್ಲ. ಆಗ ಫೋನಿನ ಮೈಗೆ ಬಳಕೆಯಲ್ಲಿದ್ದ ಬೇಕಲೈಟ್ ಹುಟ್ಟಿನಿಂದಲೇ ಕಂದು ಛಾಯೆಯದು. ಅದಕ್ಕೆ ತಿಳಿ ಬಣ್ಣ ಹತ್ತುತ್ತಿರಲಿಲ್ಲ. ಎಬಿಎಸ್‌ನಂಥ ಹೊಸ ಪ್ಲಾಸ್ಟಿಕ್ ಬಂದ ಮೇಲೆ ಕೆನೆಬಿಳಿ, ಕೆಂಪು, ಹಸಿರು ಫೋನುಗಳು ಮೇಜು ಏರಿದವು. ಉಪಕರಣಗಳ ಬಣ್ಣದ ಚರಿತ್ರೆ ಬಹುಪಾಲು ಹೀಗೇ ನಡೆದಿದೆ: ಮೊದಲು ವಸ್ತು ಬದಲಾಗುತ್ತದೆ, ಅದರ ಬೆನ್ನಿಗೆ ಬಣ್ಣ ಬರುತ್ತದೆ, ಕೊನೆಗೆ ಜಾಹೀರಾತಿನವರು ಅದಕ್ಕೊಂದು ಚಂದದ ಹೆಸರಿಡುತ್ತಾರೆ.

ಕಂಪ್ಯೂಟರಿನ ಮಾಸಲು ಕೆನೆಬಣ್ಣವನ್ನು ಮುರಿದದ್ದು 1998ರ ಐಮ್ಯಾಕ್. ಒಳಗಿನ ಭಾಗಗಳು ಮಸುಕಾಗಿ ಕಾಣುವಂಥ ನೀಲಿ ಪ್ಲಾಸ್ಟಿಕ್ಕಿನ ಆ ಯಂತ್ರಕ್ಕೆ ಮರುವರ್ಷ ಐದು ಬಣ್ಣಗಳು ಬಂದವು. ಅದೇ ಹೊತ್ತಿಗೆ ನೋಕಿಯಾ ತನ್ನ 5110 ಫೋನಿಗೆ ಕಳಚಿ ಬದಲಿಸುವ ಮುಂಗವಚ ಕೊಟ್ಟಿತು. ಫೋನ್ ಹಳೆಯದೇ ಇದ್ದರೂ ಬಣ್ಣ ಹೊಸದಾಯಿತು. 2013ರಲ್ಲಿ ಐಫೋನ್ 5ಎಸ್ ಚಿನ್ನದ ಬಣ್ಣ ತಂದಿತು, 2015ರ 6ಎಸ್ ಗುಲಾಬಿ ಚಿನ್ನ ತಂದಿತು. ಎರಡೂ ಸಲ ಉಳಿದ ಕಂಪನಿಗಳು ಹಿಂದೆಯೇ ಓಡಿದವು. 2018ರಲ್ಲಿ ಹುವಾವೇ ಪಿ20 ನೇರಳೆಯಿಂದ ನೀಲಿಗೆ ಜಾರುವ ಗಾಜಿನ ಬೆನ್ನು ತೋರಿಸಿದ ಮೇಲೆ, ಹತ್ತು ಸಾವಿರದ ಫೋನುಗಳೂ ಅದೇ ವೇಷ ತೊಟ್ಟವು. ಪ್ಯಾಂಟೋನ್ ಸಂಸ್ಥೆ 2023ರ ವರ್ಷದ ಬಣ್ಣವೆಂದು ಸಾರಿದ ಕಡುಗೆಂಪು ಮಜೆಂಟಾ ಮೊಟೊರೋಲಾ ಫೋನಿನ ಬೆನ್ನಿಗೆ ಹತ್ತಿತು. 2025ರ ಐಫೋನ್ 17 ಪ್ರೊ ಕಿತ್ತಳೆ ಬಣ್ಣದಲ್ಲಿ ಬಂತು. ಇಲ್ಲೂ ಗುಟ್ಟು ವಸ್ತುವಿನದೇ. ಹಿಂದಿನ ಪ್ರೊ ಮಾದರಿಗಳ ಟೈಟೇನಿಯಂ ಚೌಕಟ್ಟು ಮಂಕು ಬಣ್ಣಗಳಲ್ಲಷ್ಟೇ ಬರುತ್ತಿತ್ತು. ಅದನ್ನು ಬಿಟ್ಟು ಅಲ್ಯುಮಿನಿಯಂಗೆ ಬಂದಾಗ ಬಣ್ಣ ಕಣ್ಣಿಗೆ ರಾಚುವಷ್ಟಾಯಿತು.

ಅಲ್ಯುಮಿನಿಯಂಗೆ ಬಣ್ಣ ಬಳಿಯುವುದಿಲ್ಲ, ಕುಡಿಸುತ್ತಾರೆ. ಲೋಹವನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳ ಪದರ ಬೆಳೆಯುತ್ತದೆ. ಆ ರಂಧ್ರಗಳು ಬಣ್ಣ ಹೀರಿಕೊಂಡ ಮೇಲೆ ಅವುಗಳ ಬಾಯಿ ಮುಚ್ಚಿಸುತ್ತಾರೆ. ಪದರ ಗಟ್ಟಿಯೇ, ಆದರೆ ಬಲು ತೆಳು. ಮೂಲೆ ಕಲ್ಲಿಗೆ ಬಡಿದರೆ ಒಳಗಿನ ಬೆಳ್ಳಿ ಬಣ್ಣ ಇಣುಕುತ್ತದೆ. ಗಾಜಿನ ಬೆನ್ನಿನ ಫೋನುಗಳದು ಬೇರೆ ದಾರಿ. ಅಲ್ಲಿ ಬಣ್ಣ ಇರುವುದು ಗಾಜಿನ ಒಳಮೈಯಲ್ಲಿ. ಬಣ್ಣದ ಪದರದ ಹಿಂದೆ ಬೆಳಕು ಹಿಂತಿರುಗಿಸುವ ಇನ್ನೊಂದು ಪದರವಿರುವುದರಿಂದ ಹೊಳಪಿಗೆ ಆಳ ಬರುತ್ತದೆ. ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರರಿಗೆ ಇಂಥ ಉಪಾಯ ಹೊಸದೇನಲ್ಲ. ಮರದ ಗೊಂಬೆಗೆ ತವರದ ಲೇಪ ಕೊಟ್ಟು ತಿಕ್ಕಿ ಲೋಹದ ಹೊಳಪು ಬರಿಸುವುದು ಅಲ್ಲಿನ ಹಳೆಯ ಕೈಚಳಕ.

ಕಂಪನಿಗಳು ವರ್ಷವರ್ಷವೂ ಬಣ್ಣ ಬದಲಿಸಲು ಕಾರಣ ಸರಳ. ಹೊಸ ಚಿಪ್, ಹೊಸ ಬ್ಯಾಟರಿ ತರುವುದಕ್ಕೆ ವರ್ಷಗಟ್ಟಲೆ ಕೆಲಸ ಬೇಕು. ಹೊಸ ಬಣ್ಣಕ್ಕೆ ಅಷ್ಟು ಬೇಡ. ಎದುರಿಗಿದ್ದವರಿಗೆ ಫೋನ್ ಹೊಸದೆಂದು ತೋರಿಸುವುದೂ ಬಣ್ಣವೇ.

ಗಂಗಾವತಿಯಲ್ಲಿ ಮಾತ್ರ ಆ ಬಣ್ಣಕ್ಕೆ ಆಯುಷ್ಯ ಕಡಿಮೆ. ಗಿರಾಕಿ ಬಣ್ಣ ಆರಿಸಲು ಅರ್ಧ ಗಂಟೆ ತೆಗೆದುಕೊಳ್ಳಬಹುದು, ಬಿಲ್ ಆಗುತ್ತಲೇ ಅಂಗಡಿಯವನ ಪ್ರಶ್ನೆ, “ಕವರ್ ಹಾಕ್ಲೇನ್ರಿ?” ಬಣ್ಣ ಕಾಣಲಿ ಎಂದು ಪಾರದರ್ಶಕ ಕವರ್ ಹಾಕಿಸಿದರೆ ಅದೂ ಕೆಲವೇ ತಿಂಗಳಲ್ಲಿ ಹಳದಿಗಟ್ಟುತ್ತದೆ. ಇಂಥ ಮೆತ್ತನೆಯ ಕವರುಗಳು ಟಿಪಿಯು ಎಂಬ ಪ್ಲಾಸ್ಟಿಕ್ಕಿನವು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಕಾವಿಗೆ ಅದರ ಅಣುಗಳೇ ಬದಲಾಗುವುದರಿಂದ ಹಳದಿ ಹುಟ್ಟುತ್ತದೆ. ಸೋಪು ಹಾಕಿ ತಿಕ್ಕಿದರೆ ಕೊಳೆ ಹೋದೀತು, ಹಳದಿ ಹೋಗದು. ಹೊಸ ಕವರಿನಲ್ಲಿ ನಸುನೀಲಿ ಛಾಯೆ ಕಂಡರೆ, ಮುಂದೆ ಬರುವ ಹಳದಿಯನ್ನು ಕೆಲಕಾಲ ಮರೆಸಲೆಂದೇ ಅದನ್ನು ಬೆರೆಸಿರುತ್ತಾರೆ.

ಬೇಸಿಗೆಯ ಕಾಟ ಇದಕ್ಕಿಂತ ದೊಡ್ಡದು. ಏಪ್ರಿಲ್, ಮೇ ತಿಂಗಳಲ್ಲಿ ಕುಷ್ಟಗಿ, ಯಲಬುರ್ಗಾ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಐಫೋನ್ ಬಳಸಲು ಆಪಲ್ ಸೂಚಿಸುವ ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಅಂದರೆ ಇಲ್ಲಿನ ಮಧ್ಯಾಹ್ನ ಆ ಮಿತಿಯ ಹೊರಗೇ ಇದೆ. ಮೈ ಬಿಸಿಯಾದ ಫೋನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಪರದೆಯ ಬೆಳಕು ಇಳಿಸುತ್ತದೆ, ಚಾರ್ಜ್ ನಿಲ್ಲಿಸುತ್ತದೆ. ಕಣ್ಣಿಗೆ ಹೆಚ್ಚು ಬೆಳಕು ಬೇಕಾದ ಹೊತ್ತಿನಲ್ಲೇ ಪರದೆ ಮಂಕಾಗುವುದು ಹೀಗೆ. ಕಪ್ಪು ಫೋನ್ ಬೇಗ ಕಾಯುತ್ತದೆಂದು ಬಿಳಿ ಕೊಳ್ಳುವವರಿದ್ದಾರೆ. ಆ ಲೆಕ್ಕ ಅರ್ಧ ಸರಿ. ಕಪ್ಪು ಮೈ ಬಿಸಿಲನ್ನು ಹೆಚ್ಚು ಹೀರುವುದು ನಿಜವಾದರೂ, ಬೈಕಿನ ಹ್ಯಾಂಡಲ್ಲಿಗೋ ಟ್ರ್ಯಾಕ್ಟರಿನ ಮುಂಭಾಗಕ್ಕೋ ಸಿಕ್ಕಿಸಿದ ಫೋನಿನಲ್ಲಿ ಬಿಸಿಲಿಗೆ ಮುಖ ಕೊಡುವುದು ಪರದೆ, ಅದು ಎಲ್ಲ ಬಣ್ಣದ ಫೋನಿನಲ್ಲೂ ಕಪ್ಪೇ. ಬಿಳಿ ಬೆನ್ನಿನಿಂದ ಲಾಭ ಬೇಕೆಂದರೆ ಫೋನನ್ನು ಮಕಾಡೆ ಇಡಬೇಕು. ಬಿಸಿಯಾದ ಫೋನನ್ನು ನೆರಳಿಗೆ ತಂದು ಕವರ್ ತೆಗೆದು ಬಿಟ್ಟರೆ ಸಾಕು. ಫ್ರಿಜ್ಜಿನಲ್ಲಿಟ್ಟರೆ ಒಳಗೆ ನೀರಿನ ಪಸೆ ಕಟ್ಟುವ ಅಪಾಯವಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ನಾಡು. ಕೊಯ್ಲಿನ ಯಂತ್ರ ಗದ್ದೆಗಿಳಿದಾಗ, ಅಕ್ಕಿ ಗಿರಣಿ ತಿರುಗುವಾಗ ಏಳುವ ಹೊಟ್ಟಿನ ದೂಳು ಚಾರ್ಜಿಂಗ್ ತೂತಿಗೆ ಸೇರುತ್ತದೆ. ಪ್ರತಿಸಲ ಪಿನ್ ಚುಚ್ಚಿದಾಗಲೂ ದೂಳು ಒಳಗೊಳಗೆ ಒತ್ತಿಕೊಂಡು ಬಿಲ್ಲೆ ಕಟ್ಟುತ್ತದೆ, ಪಿನ್ ಪೂರ್ತಿ ಕೂರುವುದಿಲ್ಲ. ಚಾರ್ಜರ್ ಕೆಟ್ಟಿತೆಂದು ಹೊಸದು ಕೊಂಡ ಎಷ್ಟೋ ಮಂದಿಯ ಹಳೆ ಚಾರ್ಜರ್ ಚೆನ್ನಾಗಿಯೇ ಇರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಬಿಲ್ಲೆ ಹೊರಬರುತ್ತದೆ. ಸೂಜಿ, ಪಿನ್ನು ಹಾಕಬಾರದು. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಡಬ್ಬಿಯ ಮೇಲಿನ ಐಪಿ ಸಂಖ್ಯೆ. ಅದರ ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಐಪಿ68 ಎಂದರೆ ದೂಳು ಒಳಹೋಗದು, ಕಂಪನಿ ಹೇಳಿದಷ್ಟು ಆಳದ ನೀರಿನಲ್ಲಿ ಹೇಳಿದಷ್ಟು ಹೊತ್ತು ತಡೆಯುತ್ತದೆ. 2003ರ ನೋಕಿಯಾ 1100 ಇಪ್ಪತ್ತೈದು ಕೋಟಿಗೂ ಹೆಚ್ಚು ಮಾರಾಟವಾದದ್ದಕ್ಕೆ ಬೆಲೆಯ ಜೊತೆಗೆ ಅದರ ದೂಳು ತಡೆಯುವ ಕೀಲಿಗಳೂ ಟಾರ್ಚೂ ಕಾರಣ.

ಇನ್ನು ನಾಟಿಯ ಹೊತ್ತು ಗದ್ದೆ ನೀರಿಗೆ ಬಿದ್ದ ಫೋನಿಗೆ ಮನೆಮದ್ದು ಎಲ್ಲರಿಗೂ ಗೊತ್ತು: ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದು. ಸೋನಾ ಮಸೂರಿಗೆ ಹೆಸರಾದ ಊರಿನಲ್ಲಿ ಅಕ್ಕಿಗೇನು ಬರ. ಆದರೆ ಅಕ್ಕಿಗೆ ಫೋನಿನೊಳಗಿನ ನೀರನ್ನು ಎಳೆದು ತೆಗೆಯುವ ಶಕ್ತಿಯಿಲ್ಲ. ಅದರ ನುಚ್ಚು, ಪುಡಿ ತೂತಿಗೆ ಸೇರಿ ಹಾನಿ ಮಾಡಬಹುದೆಂದು 2024ರಲ್ಲಿ ಆಪಲ್ ತನ್ನ ಬಳಕೆದಾರರಿಗೆ ಹೇಳಿತು. ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಒಣಗಲು ಬಿಟ್ಟು, ಪೂರ್ತಿ ಆರುವವರೆಗೆ ಚಾರ್ಜಿಗೆ ಹಾಕದಿರುವುದೇ ಸರಿಯಾದ ಉಪಚಾರ.

ಒದ್ದೆ ಬೆರಳಿಗೆ ಪರದೆ ಮಣಿಯದಿರುವುದಕ್ಕೂ ಕಾರಣವಿದೆ. ಬೆರಳು ತಾಗಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಪರದೆ ಗುರುತಿಸುತ್ತದೆ. ನೀರಿನ ಹನಿಯೂ ಅದೇ ಬದಲಾವಣೆ ತರುವುದರಿಂದ ಬೆರಳು ಯಾವುದು, ಹನಿ ಯಾವುದು ಎಂಬ ಗೊಂದಲವಾಗುತ್ತದೆ. ಬೆರಳಚ್ಚಿನ ಪಾಡು ಇನ್ನೂ ಕಷ್ಟದ್ದು. ವರ್ಷಾನುಗಟ್ಟಲೆ ಕುಡುಗೋಲು ಹಿಡಿದ, ಕಲ್ಲು ಹೊತ್ತ ಕೈಯ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅಜ್ಜಿಯೊಬ್ಬರ ಅಂಥ ಬೆರಳನ್ನು ಮತ್ತೆ ಮತ್ತೆ ತಿರಸ್ಕರಿಸಿದಾಗ ಸಾಲಿನಲ್ಲಿ ಹಿಂದೆ ನಿಂತವರ ಗೊಣಗಾಟ ಕೇಳಬೇಕಾದವರು ಆ ಅಜ್ಜಿಯೇ. ಕೈ ತೊಳೆದು ಒರೆಸಿ, ಬೇರೆ ಬೆರಳು ಇಟ್ಟು ನೋಡಿದರೆ ಕೆಲವೊಮ್ಮೆ ಕೆಲಸವಾಗುತ್ತದೆ.

ಸಂತೆಯಲ್ಲಿ ಈಗ ಹಣ ಬಂತೆಂದು ಕೂಗಿ ಹೇಳುವ ಪೇಟಿಎಂನ ನೀಲಿ, ಫೋನ್‌ಪೇಯ ನೇರಳೆ ಡಬ್ಬಿಗಳು ತರಕಾರಿ ಬುಟ್ಟಿಗಳ ನಡುವೆ ಕೂತಿವೆ. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿಯೂ ಡಬ್ಬಿ ಮಾತಾಡದಿದ್ದಾಗ ಜಗಳ ಹತ್ತುತ್ತದೆ. ಬಹುತೇಕ ಸಲ ಇದು ನೆಟ್‌ವರ್ಕಿನ ತಡ. ವ್ಯಾಪಾರಿ ತನ್ನ ಬ್ಯಾಂಕ್ ಖಾತೆಯನ್ನೇ ನೋಡಿ ಖಚಿತಪಡಿಸಿಕೊಳ್ಳಬೇಕು, ಗಿರಾಕಿ ವಹಿವಾಟಿನ ಸಂಖ್ಯೆ ಉಳಿಸಿಕೊಳ್ಳಬೇಕು. ಹಣ ನಿಜಕ್ಕೂ ತಲುಪದಿದ್ದರೆ 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಅನ್ವಯಿಸುತ್ತದೆ. ಯುಪಿಐ ಮೂಲಕ ವ್ಯಕ್ತಿಗೆ ಕಳಿಸಿದ ಹಣವಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ಅದು ತಾನಾಗಿ ಖಾತೆಗೆ ವಾಪಸಾಗಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು.