‘ನಿಯರ್’ ಎಂದರೆ ಯಾವ ಹತ್ತಿರ?

“ಸಂಕದ ಹತ್ತಿರ ನಿಂತ ಮಾವನ ಹತ್ತಿರ ಕೊಡೆಯಿಲ್ಲ, ಅಣ್ಣನ ಹತ್ತಿರ ಹೇಳು.” ಸಿದ್ದಾಪುರ ತಾಲೂಕಿನ ನಿಲ್ಕುಂದದಂಥ ಘಟ್ಟದೂರಿನಲ್ಲಿ ಮಳೆಗಾಲದ ದಿನ ಯಾವ ಮನೆಯಲ್ಲಾದರೂ ಕೇಳಬಹುದಾದ ಮಾತಿದು. ಇದನ್ನು ಇಂಗ್ಲಿಷಿಗೆ ತಿರುಗಿಸಹೊರಟ ಬಾಲಕನು ಮೂರು ಕಡೆಗೂ ‘ನಿಯರ್’ ಶಬ್ದವನ್ನೇ ಇಡುವನು. ಗುರುಗಳ ಕೆಂಪುಮಸಿ ಎರಡು ಕಡೆ ಬೀಳುವದು. ಆದರೆ ವಾಚಕರೇ, ಅವನನ್ನು ದಡ್ಡನೆನ್ನಬೇಡಿರಿ. ಅವನ ಕನ್ನಡವು ಶುದ್ಧವಾಗಿಯೇ ಇರುವದು.

ನಮ್ಮ ‘ಹತ್ತಿರ’ವು ಬಹು ಕೆಲಸದ ಶಬ್ದ. ಸಂಕದ ಬಳಿ ಅದು ಸ್ಥಳವನ್ನು ಹೇಳುವದು, ಕೊಡೆಯ ಮಾತಿನಲ್ಲಿ ಒಡೆತನವನ್ನು. ಅಣ್ಣನ ವಿಷಯದಲ್ಲಿ ಮಾತು ಯಾರಿಗೆ ಮುಟ್ಟಬೇಕೆಂಬುದನ್ನು. ಇಂಗ್ಲಿಷಿನಲ್ಲಿ ಮೊದಲಿನದಕ್ಕೆ ಮಾತ್ರ ‘ನಿಯರ್’ ಸಲ್ಲುವದು. ಉಳಿದೆರಡನ್ನು ‘ಹ್ಯಾವ್’, ‘ಟೆಲ್’ ಎಂಬ ಕ್ರಿಯಾಪದಗಳೇ ನಿರ್ವಹಿಸುವವು.

ಹಾಗೆಂದು ‘ನಿಯರ್’ ಬಡ ಶಬ್ದವಲ್ಲ. ಸಮೀಪಿಸಿದ ಕಾಲಕ್ಕೂ, ರಕ್ತಸಂಬಂಧದ ನೆಂಟನಿಗೂ ಅದು ಒಪ್ಪುವದು. ಹಿಂದೆ ಜಿಪುಣನನ್ನೂ ಅದೇ ಶಬ್ದದಿಂದ ಕರೆಯುತ್ತಿದ್ದರು. ನೆಂಟನಿಗೂ ಜಿಪುಣನಿಗೂ ಒಂದೇ ಹೆಸರಾದುದಕ್ಕೆ ಅನುಭವಸ್ಥರು ನಗಬಹುದು! ಮೂಲದಲ್ಲಿ ಅದರ ಅರ್ಥ ‘ಇನ್ನೂ ಹತ್ತಿರ’ ಎಂದಿದ್ದಿತು. ಬರಿಯ ಹತ್ತಿರಕ್ಕೆ ‘ನೈ’ ಎಂಬ ಬೇರೆ ಶಬ್ದವಿದ್ದು, ನೆರೆಯವನೆಂಬರ್ಥದ ‘ನೇಬರ್’ನ ಮೊದಲ ಭಾಗವು ಅದೇ ಆಗಿರುವದು.

ಮನೆಯಲ್ಲಿ ಪಾಠ ಹೇಳುವವರಿಗೊಂದು ಸುಲಭೋಪಾಯವುಂಟು. ‘ಹತ್ತಿರ’ವನ್ನು ತೆಗೆದು ‘ಸಮೀಪ’ವನ್ನಿಟ್ಟು ಓದಿಸಿರಿ. ‘ಸಂಕದ ಸಮೀಪ’ವೆಂದರೆ ಹೊಂದುವದು; ಅಲ್ಲಿ ‘ನಿಯರ್’ ಬರೆಯಲಿ. ‘ಮಾವನ ಸಮೀಪ ಕೊಡೆಯಿಲ್ಲ’ವೆಂದೊಡನೆ ಅರ್ಥವೇ ಬದಲಾಗುವದನ್ನು ಮಗುವು ತಾನೇ ಕಂಡುಕೊಳ್ಳುವದು.